ಹಾಡಿನಿಂದ ಬಿಚ್ಚಿದ ದನಿ

ಭಾನುವಾರ, ಮಧ್ಯಾಹ್ನ

ಅಕ್ಕನವರಿಗೆ,

ಅಕ್ಕ ಎಂದು ಕರೆಯಲೋ ಬೇಡವೋ ಎಂದು ಮೂರು ಹಾಳೆ ಹರಿದು ಹಾಕಿ, ನಾಲ್ಕನೆಯದರಲ್ಲಿ ಹಾಗೇ ಕರೆದುಬಿಟ್ಟವಳ ನಮಸ್ಕಾರ. ಉಭಯಕುಶಲೋಪರಿ ಎಂದು ಬರೆಯುವ ಹಾಗಿಲ್ಲ. ಗಂಟಲಿನ ಆಪರೇಷನ್ ಆದಮೇಲೆ ದನಿ ಪಿಸುಮಾತಿಗಿಂತ ಮೇಲೇಳುತ್ತಿಲ್ಲ ಎಂದು ನೀವೇ ಬರೆದಿದ್ದೀರಿ. ನನ್ನ ಕುಶಲ ಎಂಥದ್ದು ಎನ್ನುವುದು ಈ ಪತ್ರ ಓದಿ ಮುಗಿಸುವ ಹೊತ್ತಿಗೆ ನಿಮಗೇ ತಿಳಿಯುತ್ತದೆ.

ನಿಮ್ಮ ಪತ್ರ ಬಂದು ಹನ್ನೆರಡು ದಿನವಾಯಿತು. ಅದು ನನ್ನ ಹೆಸರಿಗೇ ಬಂದಿತ್ತು. ಅವರಿಗೆ ಬರೆದರೆ ಓದಿ ಯಾವುದಾದರೂ ಪುಸ್ತಕದೊಳಗೆ ಇಟ್ಟು ಮರೆತುಬಿಡುತ್ತಾರೆ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ ಎಂದಿದ್ದಿರಿ. ಆ ಸಾಲು ಓದಿ ಮೈಯೆಲ್ಲ ಉರಿಯಿತು. ನನ್ನ ಗಂಡ ಮರೆಗುಳಿ ಎಂದು ನನಗೆ ಹೇಳಿಕೊಡಲು ನೀವು ಯಾರು? ನಿಜ, ನನಗಿಂತ ಮೊದಲು ಅವರನ್ನು ಕಟ್ಟಿಕೊಂಡು ಎಂಟು ವರ್ಷ ಬಾಳಿದವರು. ಉರಿಗೆ ಕಾರಣವೂ ಅದೇ ತಾನೇ.

ನೀವು ಕೇಳಿದ್ದು ಒಂದೇ ಒಂದು, ಆ ಹಳೆಯ ಕ್ಯಾಸೆಟ್ಟು. ಬ್ಯಾಂಡಿನ ಅಭ್ಯಾಸದ ಕೋಣೆಯಲ್ಲಿ ನೀವು ಹಾಡಿ, ಅವರು ಕ್ಲಾರಿನೆಟ್ ನುಡಿಸಿ, ಜೊತೆಗೊಂದು ಗಿಟಾರು ಒಂದು ಡ್ರಮ್ಮು ಇಟ್ಟುಕೊಂಡು, ಯಾರೋ ಗೆಳೆಯರು ಒಂದೇ ಮೈಕಿನಲ್ಲಿ ಹಿಡಿದಿಟ್ಟ ಹಾಡು. ನಿಮ್ಮ ದನಿ ಉಳಿದಿರುವುದು ಅದೊಂದರಲ್ಲೇ. ಒಂದು ಕಾಲಕ್ಕೆ ಹಾಡುತ್ತಿದ್ದೆ ಎಂದು ನನಗೇ ನಂಬಿಕೆ ಬರಬೇಕಾಗಿದೆ, ಒಂದು ಸಲ ಕೇಳಿ ವಾಪಸು ಕಳಿಸುತ್ತೇನೆ ಎಂದು ಬರೆದಿರಿ.

ಕ್ಯಾಸೆಟ್ಟು ಸಿಗುತ್ತಿಲ್ಲ ಅಕ್ಕ. ಮನೆಯೆಲ್ಲ ಹುಡುಕಿದೆ.

ಮೇಲಿನ ಎರಡು ವಾಕ್ಯ ಬರೆದು ಎದ್ದುಹೋಗಿ ಟೀ ಮಾಡಿಕೊಂಡು ಕುಡಿದು ಬಂದೆ. ಅಲ್ಲಿಗೇ ಸಹಿ ಹಾಕಿ ಲಕೋಟೆ ಅಂಟಿಸೋಣ ಎಂದಿತ್ತು. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಹನ್ನೆರಡು ದಿನದಿಂದ ಅಂಚೆಯವನ ಸೈಕಲ್ಲು ಕಂಡರೆ ಒಳಕ್ಕೆ ಹೋಗಿ ನಿಲ್ಲುತ್ತಿದ್ದೇನೆ. ಆ ವಾಕ್ಯಗಳನ್ನು ಹೊಡೆದು ಹಾಕುವುದಿಲ್ಲ, ಇರಲಿ, ನಾನು ಎಂಥವಳು ಎಂದು ನಿಮಗೂ ಗೊತ್ತಾಗಲಿ. ಕ್ಯಾಸೆಟ್ಟು ಕಳೆದುಹೋಗಿಲ್ಲ. ನಾನೇ ಕೈಯಾರೆ ಹಾಳುಮಾಡಿದೆ.

ನಮ್ಮ ಮನೆ ನೀವು ನೋಡಿಲ್ಲ. ಎರಡೇ ಕೋಣೆ, ಮುಂದಿನದು ನನ್ನ ಅಂಗಡಿ. ಹೊಸ ಬಟ್ಟೆ ಹೊಲಿಯುವುದು ಕಡಿಮೆ. ಉದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು, ಹಳೆ ಹೊಲಿಗೆ ಬಿಚ್ಚಿ ಹೊಸದು ಹಾಕುವುದು, ಹೀಗೆ ಆಲ್ಟರೇಷನ್ ಕೆಲಸವೇ ಹೆಚ್ಚು. ನಮ್ಮವರು (ನಮ್ಮವರು ಎಂದರೆ ಅದರಲ್ಲಿ ನೀವೂ ಬಂದು ಸೇರಿಕೊಳ್ಳುತ್ತೀರಿ, ಹಾಗಾಗಿ ಇನ್ನು ಮುಂದೆ ಬರೀ ಅವರು) ಶಾಲೆಯಲ್ಲಿ ಮಕ್ಕಳಿಗೆ ಊದುವ ವಾದ್ಯ ಕಲಿಸಿ ಸಂಜೆ ಐದಕ್ಕೆ ಬರುತ್ತಾರೆ. ಟೀ ಲೋಟ ಹಿಡಿದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಟೇಪ್ ರೆಕಾರ್ಡರಿನ ಗುಂಡಿ ಒತ್ತುತ್ತಾರೆ. ಹನ್ನೊಂದು ವರ್ಷದಿಂದ ಹೀಗೇ. ಜ್ವರವಿರಲಿ, ನೆಂಟರಿರಲಿ, ಐದು ಗಂಟೆಯಾಯಿತೆಂದರೆ ನೀವು ನನ್ನ ಅಂಗಡಿಯೊಳಗೆ ಬಂದೇ ಬರುತ್ತಿದ್ದಿರಿ.

ನಾಲ್ಕು ನುಡಿಯ ಹಾಡು. ಪ್ರತಿ ನುಡಿ ಮುಗಿದಮೇಲೆ ಒಂದು ಗಳಿಗೆ ಎಲ್ಲ ಸುಮ್ಮನಾಗಿ, ಆಮೇಲೆ ಕ್ಲಾರಿನೆಟ್ ಏಳುತ್ತದೆ. ಆ ಒಂದು ಗಳಿಗೆಯಲ್ಲಿ, ಕಣ್ಣು ಮುಚ್ಚಿ ಕೂತ ಅವರ ತುಟಿಯ ತುದಿಯಲ್ಲಿ ಒಂದು ನಗು ಬರುತ್ತಿತ್ತು. ದೊಡ್ಡದೇನಲ್ಲ, ಗುಂಡಿ ತೂತಿನಷ್ಟು. ನಾನು ಹೊಸ ಬಟ್ಟೆ ತೊಟ್ಟು ಎದುರಿಗೇ ನಿಂತರೂ ಬಾರದ ನಗು. ಮಿಷನ್ ತುಳಿಯುತ್ತ ಓರೆಗಣ್ಣಿನಲ್ಲಿ ಅದನ್ನು ನೋಡಿ ನೋಡಿ ಎಷ್ಟು ಸೂಜಿ ಮುರಿದೆನೋ.

ಸವತಿ ಮಣ್ಣಿನವಳಾದರೂ ಸಹಿಸುವುದು ಕಷ್ಟ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನನ್ನ ಪಾಲಿಗೆ ಬಂದವಳು ಗಾಳಿಯವಳು. ಜಗಳಕ್ಕೆ ನಿಲ್ಲೋಣವೆಂದರೆ ಮೈಯಿಲ್ಲ, ಎಳೆದಾಡೋಣವೆಂದರೆ ಜಡೆಯಿಲ್ಲ. ವರ್ಷ ಕಳೆದಂತೆ ನಾನು ದಪ್ಪಗಾದೆ, ಕೂದಲು ಬೆಳ್ಳಗಾಯಿತು, ಮಂಡಿ ಹಿಡಿದುಕೊಂಡಿತು. ಕ್ಯಾಸೆಟ್ಟಿನೊಳಗಿನ ನಿಮಗೆ ಮಾತ್ರ ಇಪ್ಪತ್ತಾರು ದಾಟಲೇ ಇಲ್ಲ. ಅದೂ ಎಂಥ ದನಿ! ನಾನು ಬಾಯಿಬಿಟ್ಟು ಹಾಡಿದರೆ ಎಣ್ಣೆ ಕಾಣದ ಮಿಷನ್ನೇ ವಾಸಿ. ನೀವಿಬ್ಬರೂ ಯಾಕೆ ಬೇರೆಯಾದಿರಿ ಎಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದೆ. ಅವಳಿಗೆ ಸಾಕಾಯಿತಂತೆ ಎಂದರು. ಏನು ಸಾಕಾಯಿತು ಎಂದರೆ ಅವರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಸಾಕಾಗಿ ಹೋದವರು ದನಿಯನ್ನೂ ಗಂಟುಕಟ್ಟಿಕೊಂಡು ಹೋಗಬೇಕಿತ್ತು, ಅದನ್ನೇಕೆ ನನ್ನ ತಲೆಗೆ ಬಿಟ್ಟು ಹೋದಿರಿ ಎಂದು ಒಳಗೊಳಗೇ ಬೈದುಕೊಂಡಿದ್ದೇನೆ.

ಹೋದ ತಿಂಗಳು ಟೇಪ್ ರೆಕಾರ್ಡರ್ ರಿಬ್ಬನ್ ಎಳೆದುಕೊಂಡು ನುಂಗಿತು. ಅವರು ನೆಲದ ಮೇಲೆ ಕೂತು ಅರ್ಧ ಗಂಟೆ ಉಸಿರು ಬಿಗಿಹಿಡಿದು ಅದನ್ನು ಬಿಡಿಸಿದರು. ಪೆನ್ಸಿಲ್ ತೂರಿಸಿ ನಿಧಾನಕ್ಕೆ ಸುತ್ತಿದರು. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ ಕೈಯೂ ಅಷ್ಟು ಮೆತ್ತಗಿರಲಿಲ್ಲ. ಇನ್ನೊಂದು ಸಲ ಸಿಕ್ಕಿಕೊಂಡರೆ ಹರಿದೇಹೋಗುತ್ತದೆ, ಪೆನ್ ಡ್ರೈವಿಗೆ ಹಾಕಿಸಿಕೊಂಡು ಬರುತ್ತೇನೆ ಕೊಡಿ ಎಂದೆ. ಕೊಟ್ಟರು, ಜೋಪಾನ ಎಂದು ಎರಡು ಸಲ ಹೇಳಿ ಕೊಟ್ಟರು.

ನಮ್ಮ ಬೀದಿಯ ತಿರುವಿನಲ್ಲಿ, ಫೋಟೊ ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬನಿದ್ದಾನೆ. ಸಮಾರಂಭಗಳಲ್ಲಿ ಹಾಡುವವರಿಗೆ, ಹಾಡಿನಿಂದ ದನಿ ತೆಗೆದು ಬರೀ ಸಂಗೀತದ ಟ್ರ್ಯಾಕು ಮಾಡಿಕೊಡುವುದು ಅವನ ಕಸುಬು. ಅವನ ಕತ್ತಿನಿಂದ ಹೆಡ್‌ಫೋನ್ ಇಳಿದದ್ದನ್ನು ಯಾರೂ ಕಂಡಿಲ್ಲ, ಹಾಗಾಗಿ ಬೀದಿಗೆಲ್ಲ ಅವನು ಹೆಡ್‌ಫೋನ್. ಅವನ ಪ್ಯಾಂಟುಗಳ ಸೊಂಟವನ್ನು ವರ್ಷಕ್ಕೆರಡು ಸಲ ಸಡಿಲಿಸಿಕೊಡುವವಳು ನಾನು.

ಮೆಟ್ಟಿಲು ಹತ್ತುವಾಗ ನನ್ನ ತಲೆಯಲ್ಲಿ ಪೆನ್ ಡ್ರೈವ್ ಬಿಟ್ಟು ಬೇರೇನೂ ಇರಲಿಲ್ಲ, ನಂಬಿ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಆ ಪುಟ್ಟ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ನನ್ನ ಸರದಿಗೆ ಕಾಯುತ್ತಿದ್ದೆ. ಅವನು ಯಾರದೋ ಹಾಡನ್ನು ಕಂಪ್ಯೂಟರಿಗೆ ಕೊಟ್ಟ. ಪರದೆಯ ಮೇಲಿದ್ದ ಒಂದು ಗೆರೆ ನೋಡನೋಡುತ್ತ ಎರಡಾಯಿತು. ಮೇಲಿನದು ದನಿ, ಕೆಳಗಿನದು ವಾದ್ಯ. ಮೇಲಿನದನ್ನು ಮುಚ್ಚಿದ, ಹಾಡುವವಳು ಮಾಯ. ವಾದ್ಯಗಳು ಮಾತ್ರ ಏನೂ ಆಗದವರ ಹಾಗೆ ನುಡಿಯುತ್ತಲೇ ಇದ್ದವು. ಮೊದಲೆಲ್ಲ ದನಿ ತೆಗೆಯಲು ಹೋದರೆ ಡ್ರಮ್ಮೂ ಅದರ ಹಿಂದೆಯೇ ಹೋಗುತ್ತಿತ್ತು, ಈಗಿನ ಕಂಪ್ಯೂಟರಿಗೆ ಬಾಯಿ ಯಾವುದು ವಾದ್ಯ ಯಾವುದು ಎಂದು ಗೊತ್ತಾಗುತ್ತದೆ ಮೇಡಂ ಎಂದು ಹೆಮ್ಮೆಯಿಂದ ಹೇಳಿದ. ಅಲ್ಲೇ ನನ್ನ ಬುದ್ಧಿ ಕೆಟ್ಟದ್ದು. ಕ್ಯಾಸೆಟ್ಟು ಮೇಜಿನ ಮೇಲಿಟ್ಟು, ಇದರಿಂದಲೂ ದನಿ ತೆಗೆದುಬಿಡು ಎಂದೆ. ಯಾರು ಹಾಡುತ್ತಾರೆ ಎಂದು ಕೇಳಿದ. ನಾನೇ ಎಂದೆ. ನನ್ನ ದನಿಯ ಪರಿಚಯ ಅವನಿಗಿದೆ. ಹೆಡ್‌ಫೋನನ್ನು ಕಿವಿಗೇರಿಸಿಕೊಂಡು ಕ್ಯಾಸೆಟ್ಟು ಎತ್ತಿಕೊಂಡ.

ಎರಡು ದಿನ ಬಿಟ್ಟು ಹೋದಾಗ ಕೇಳಿಸಿದ. ನೀವು ಇರಲಿಲ್ಲ. ಹನ್ನೊಂದು ವರ್ಷದ ಮೇಲೆ ಮೊದಲ ಸಲ ಇರಲಿಲ್ಲ. ನೀವಿದ್ದ ಜಾಗದಲ್ಲಿ ಮಾತ್ರ ಗಿಟಾರಿನ ಸದ್ದು ನೀರಿನೊಳಗಿಂದ ಬಂದ ಹಾಗೆ ಸ್ವಲ್ಪ ಅಲುಗಾಡುತ್ತಿತ್ತು. ಹೊಲಿಗೆ ಬಿಚ್ಚಿದ ಬಟ್ಟೆಯಲ್ಲಿ ಸೂಜಿಯ ತೂತು ಉಳಿಯುತ್ತದಲ್ಲ, ಹಾಗೆ. ಯಾರು ಅಷ್ಟು ಹತ್ತಿರದಿಂದ ನೋಡುತ್ತಾರೆ ಎಂದುಕೊಂಡೆ.

ಮನೆಗೆ ಬಂದು ಅಂಗಡಿಯ ಬಾಗಿಲು ಹಾಕಿಕೊಂಡು ರಿಬ್ಬನ್ ಎಳೆದೆ. ಎಳೆದಷ್ಟೂ ಬರುತ್ತಿತ್ತು. ಮಡಿಲು ತುಂಬ ಕಂದು ಬಣ್ಣದ ರಾಶಿ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಲ್ಲಿ ಅದನ್ನು ತುಂಡು ತುಂಡು ಮಾಡಿ ಚಿಂದಿಯ ಚೀಲಕ್ಕೆ ತುಂಬಿದೆ. ಗುರುವಾರ ಚಿಂದಿಯವನು ಬಂದು ಹೊತ್ತುಕೊಂಡು ಹೋದ.

ಅವರಿಗೆ ಹೇಳಬೇಕಾದ ಸುಳ್ಳನ್ನು ಮೊದಲೇ ಹೊಲಿದಿಟ್ಟುಕೊಂಡಿದ್ದೆ. ಟೇಪು ಹಳೆಯದಾಗಿ ದನಿಯೆಲ್ಲ ಸವೆದುಹೋಗಿದೆಯಂತೆ, ಇಷ್ಟೇ ಉಳಿದದ್ದಂತೆ, ಕ್ಯಾಸೆಟ್ಟೂ ಹೆಡ್‌ಫೋನ್‌ನ ಮಿಷನ್ನಿನಲ್ಲಿ ಹರಿದುಹೋಯಿತಂತೆ ಎಂದೆ. ನಂಬಿದರೋ, ನಂಬಿದ ಹಾಗೆ ಕೂತರೋ, ಹನ್ನೊಂದು ವರ್ಷವಾದರೂ ಆ ಮುಖ ಓದಲು ನನಗೆ ಬಂದಿಲ್ಲ. ಪೆನ್ ಡ್ರೈವನ್ನು ರೇಡಿಯೋಗೆ ಸಿಕ್ಕಿಸಿದೆ, ಹಾಡು ಶುರುವಾಯಿತು. ಕಣ್ಣು ಮುಚ್ಚಿದರು. ನಾನು ಮಿಷನ್ ನಿಲ್ಲಿಸಿ, ಕೈಯಲ್ಲಿ ಯಾರದೋ ಕೋಟಿನ ತೋಳು ಹಿಡಿದು ಕಾಯುತ್ತಿದ್ದೆ. ಮುಗಿದಮೇಲೆ ಅವರು, ಹೋಗಲಿ ಬಿಡು, ನನ್ನ ಕ್ಲಾರಿನೆಟ್ ಈಗ ಎಷ್ಟು ಸ್ಪಷ್ಟವಾಗಿ ಕೇಳುತ್ತಿದೆ ನೋಡು ಎಂದರು. ಟೀ ಮುಗಿಸಿ ಲೋಟ ಕೊಟ್ಟು ಎದ್ದುಹೋದರು.

ನಾನು ಕುಣಿದಾಡಬೇಕಿತ್ತು. ಅದರ ಬದಲು ಸಿಟ್ಟು ಬಂತು ಅಕ್ಕ, ಅದೂ ನಿಮ್ಮ ಪರವಾಗಿ. ಎಂಥ ಗಂಡಸಪ್ಪ ಇವನು, ಅಂಥ ದನಿ ಹೋಯಿತೆಂದರೆ ಹೋಗಲಿ ಬಿಡು ಎನ್ನುತ್ತಾನಲ್ಲ! ನಾಳೆ ನಾನು ಹೋದರೂ ಅಂಗಡಿ ಈಗ ಎಷ್ಟು ವಿಶಾಲವಾಗಿ ಕಾಣುತ್ತಿದೆ ನೋಡು ಎನ್ನುತ್ತಾನೆ ಎಂದುಕೊಂಡೆ. ಒಂದು ವಿಷಯ ಮಾತ್ರ ಗಮನಿಸಿದೆ. ನುಡಿ ಮುಗಿದ ಜಾಗದಲ್ಲಿ ಆ ನಗು ಬರಲಿಲ್ಲ. ಗೆದ್ದೆ ಎಂದುಕೊಂಡೆ. ಯಾವುದನ್ನು ಗೆದ್ದೆ ಎನ್ನುವುದು ಮಾತ್ರ ಆವತ್ತು ತಿಳಿಯಲಿಲ್ಲ.

ಇದಾಗಿ ಹತ್ತು ದಿನಕ್ಕೆ ನಿಮ್ಮ ಪತ್ರ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಹೆಡ್‌ಫೋನ್ ಹತ್ತಿರ ಓಡಿದೆ. ಅವತ್ತು ತೆಗೆದ ದನಿಯನ್ನು ಎಲ್ಲಿ ಬಿಸಾಡಿದೆ ಎಂದು ಕೇಳಿದೆ. ಅವನು ಮೊದಲು ನಕ್ಕ. ನಾವು ತೆಗೆದದ್ದನ್ನು ಬಿಸಾಡುತ್ತೇವಾ ಮೇಡಂ, ನೀವು ಉಳಿದ ತುಂಡು ಬಟ್ಟೆ ಬಿಸಾಡುತ್ತೀರಾ ಎಂದ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ಕತ್ತಿನಿಂದ ಹೆಡ್‌ಫೋನ್ ಇಳಿಸಿ ನನಗೆ ಕೊಟ್ಟ. ಹೌದು, ಇಳಿಸಿದ.

ವಾದ್ಯಗಳಿಲ್ಲದೆ ನೀವೊಬ್ಬರೇ ಹಾಡಿದ್ದನ್ನು ಕೇಳಿದೆ. ಕ್ಲಾರಿನೆಟ್ಟಿನ ಜೊತೆ ಕೇಳಿದಾಗ ಚೆನ್ನಾಗಿತ್ತು, ಹೊಟ್ಟೆ ಉರಿಯುತ್ತಿತ್ತು. ಒಂಟಿಯಾಗಿ ಕೇಳಿದಾಗ ಉರಿ ನೆತ್ತಿಗೇರಿತು. ಸಾಲು ಎತ್ತುವ ಮೊದಲು ನೀವು ತೆಗೆದುಕೊಳ್ಳುವ ಉಸಿರೂ ಸ್ಪಷ್ಟವಾಗಿತ್ತು. ನನ್ನ ಕಿವಿಯ ಪಕ್ಕವೇ ನಿಂತಿದ್ದಿರಿ. ದೇವರು ಒಬ್ಬೊಬ್ಬರಿಗೆ ಎಷ್ಟೆಷ್ಟು ಕೊಡುತ್ತಾನೆ ಎಂದು ನೆನೆದು, ಅದನ್ನು ವಾಪಸು ಕಿತ್ತುಕೊಂಡದ್ದೂ ನೆನಪಾಗಿ, ನನ್ನ ನಾಲಿಗೆ ನಾನೇ ಕಚ್ಚಿಕೊಂಡೆ.

ಹಾಗೆ ಕೇಳುತ್ತಿರುವಾಗ ಕ್ಲಾರಿನೆಟ್ ಏಳಬೇಕಾದ ಜಾಗ ಬಂತು. ನೀವು ಹಾಡು ನಿಲ್ಲಿಸಿದಿರಿ. ಖಾಲಿ. ಆಮೇಲೆ ಬಾಯಿಯನ್ನು ಮೈಕಿನಿಂದ ಆಚೆ ತಿರುಗಿಸಿ, ಪಿಸುಗುಟ್ಟಿದ ಒಂದೇ ಒಂದು ಮಾತು: ‘ಈಗ.’

ಮೂರು ಸಲ ಬರುತ್ತದೆ. ಒಂದರಲ್ಲಿ ಅವಸರವಿದೆ. ಒಂದರಲ್ಲಿ ಸಿಟ್ಟಿದೆ, ಎಲ್ಲರೆದುರು ತೋರಿಸಲಾಗದ ಸಿಟ್ಟು. ಕೊನೆಯದು ಸುಸ್ತಾದವರ ಮಾತು. ಹನ್ನೊಂದು ವರ್ಷ ದಿನವೂ ಆ ಹಾಡು ಕೇಳಿದ ನನ್ನ ಕಿವಿಗೆ ಒಂದು ದಿನವೂ ಅದು ಬಿದ್ದಿರಲಿಲ್ಲ. ನನ್ನ ಮಿಷನ್ ಸದ್ದು ಒಂದು ಕಡೆ, ಹಿಂದೆಯೇ ಕ್ಲಾರಿನೆಟ್ ಎದ್ದು ಅದನ್ನು ಮುಚ್ಚಿಬಿಡುತ್ತಿತ್ತು. ಹೆಡ್‌ಫೋನ್ ಹೇಳಿದ, ಊದುವವರಿಗೆ ಎಲ್ಲಿ ಎತ್ತಬೇಕು ಎನ್ನುವುದು ಗೊತ್ತಾಗುತ್ತಿರಲಿಲ್ಲವೇನೋ, ಇವರು ಕರೆದು ಕೊಡುತ್ತಿದ್ದಾರೆ ಎಂದು.

ಅದೇ ವಾರ ಅವರು ಶಾಲೆಯ ಕಾರ್ಯಕ್ರಮಕ್ಕೆಂದು ಪೆಟ್ಟಿಗೆಯಿಂದ ಕ್ಲಾರಿನೆಟ್ ತೆಗೆದರು. ನಾನು ಮಾಡಿಸಿಕೊಟ್ಟ ಟ್ರ್ಯಾಕಿನ ಜೊತೆ ನುಡಿಸಿ ನೋಡುತ್ತೇನೆ ಎಂದರು. ಮೊದಲ ನುಡಿಯ ಮೇಲೆ ತಡವಾಗಿ ಎತ್ತಿದರು. ಎರಡನೆಯದರಲ್ಲಿ ಇನ್ನೂ ತಡ. ಹಿಂದಕ್ಕೆ ಹಾಕಿ ಮತ್ತೆ ನುಡಿಸಿದರು, ಮತ್ತೆ ತಡ. ಎಷ್ಟೋ ವರ್ಷದಿಂದ ಮಕ್ಕಳಿಗೆ ತಾಳ ಹೇಳಿಕೊಡುವ ಮನುಷ್ಯ! ಕೊನೆಗೆ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು, ಯಾರೋ ಕರೆಯುತ್ತಿದ್ದರಲ್ಲ, ಈಗ ಯಾಕೆ ಕರೆಯುತ್ತಿಲ್ಲ ಎಂದು ನನ್ನನ್ನು ಕೇಳಿದರು. ಮಗು ಕೇಳಿದ ಹಾಗೆ ಕೇಳಿದರು. ನಾನು ಸೂಜಿಗೆ ದಾರ ಪೋಣಿಸುವ ನೆವದಲ್ಲಿ ತಲೆ ತಗ್ಗಿಸಿದೆ.

ಆಗ ಗೊತ್ತಾಯಿತು. ಆ ನಗು ನಿಮ್ಮ ಹಾಡಿಗಲ್ಲ. ಹಾಡು ಹೋದರೆ ಹೋಗಲಿ ಬಿಡು ಎಂದರಲ್ಲ, ಅದು ನಿಜವೇ. ಅವರು ದಿನವೂ ಐದು ಗಂಟೆಗೆ ಕೂತು ಕಾಯುತ್ತಿದ್ದದ್ದು ನಡುವೆ ಬರುವ ಆ ಒಂದು ಕರೆಗೆ. ನಿಮಗೆ ಏನು ಸಾಕಾಯಿತು ಎನ್ನುವುದೂ ಗೊತ್ತಾಯಿತು. ಎಂಟು ವರ್ಷ ಕರೆದೂ ಕರೆದೂ ಬಾಯಿ ಎಂದೋ ಒಂದು ದಿನ ನೋಯುತ್ತದೆ.

ನನಗೆ ನೋಯುವುದಿಲ್ಲವೇ? ನಾನೂ ಕರೆಯುತ್ತೇನೆ, ದಿನಕ್ಕೆ ಇಪ್ಪತ್ತು ಸಲ. ಈಗ ಮಾತ್ರೆ, ಈಗ ಸ್ನಾನ, ಈಗ ಹೊರಡಿ ಬಸ್ಸು ಬಂತು. ಹೊರಡುವಾಗ ಬೀಗದ ಕೈ, ಮೂಲೆಯವರೆಗೆ ಓಡಿಹೋಗಿ ಕೊಡುವ ಕನ್ನಡಕ. ಅಷ್ಟು ಸಲ ಹೇಳಿದ ನನ್ನ ಒಂದು ‘ಈಗ’ಕ್ಕೂ ಅವರ ತುಟಿ ಅಲುಗಿಲ್ಲ. ಊಟದ ಜೊತೆಗಿನ ನೀರಿನ ಹಾಗೆ ಕುಡಿದು ಎದ್ದುಹೋಗುತ್ತಾರೆ. ನೀವು ಒಂದು ಮಧ್ಯಾಹ್ನ ಪಿಸುಗುಟ್ಟಿದ್ದಕ್ಕೆ ಇಷ್ಟು ವರ್ಷ ನಕ್ಕಿದ್ದಾರೆ. ದನಿಯ ಮೇಲಿನ ಹೊಟ್ಟೆಕಿಚ್ಚಾದರೂ ನನಗೆ ಅರ್ಥವಾಗುತ್ತಿತ್ತು, ಅದು ನನ್ನಲ್ಲಿಲ್ಲದ ವಸ್ತು. ಇದು ಹಾಗಲ್ಲ. ಇದು ನಾನು ದಿನವೂ ಕೊಡುತ್ತಿರುವುದು.

ಇದನ್ನೆಲ್ಲ ನಿಮಗೆ ಹೇಳದೆ ಇರಬಹುದಿತ್ತು. ಹೇಳಲು ಒಂದೇ ಕಾರಣ. ನಿಮಗೆ ಇನ್ನು ಪಿಸುಮಾತಷ್ಟೇ ಉಳಿದದ್ದು ಎಂದು ಕೊರಗಿ ಬರೆದಿದ್ದೀರಿ. ಕೊರಗಬೇಡಿ. ಅವರ ಮಟ್ಟಿಗೆ ನೀವು ಏನನ್ನೂ ಕಳೆದುಕೊಂಡಿಲ್ಲ. ಇಷ್ಟು ಒಳ್ಳೆಯ ಮಾತನ್ನು ನಾನು ಎಷ್ಟು ಹಲ್ಲು ಕಚ್ಚಿಕೊಂಡು ಬರೆದೆ ಎನ್ನುವುದು ನನಗೇ ಗೊತ್ತು.

ಬೇರೆಯದೇ ಒಂದು ಪೆನ್ ಡ್ರೈವ್ ಕಳಿಸುತ್ತಿದ್ದೇನೆ. ಅದರಲ್ಲಿ ನಿಮ್ಮ ದನಿ ಮಾತ್ರ ಇದೆ, ಅವರ ಕ್ಲಾರಿನೆಟ್ ಇಲ್ಲ. ವಾದ್ಯದ ಟ್ರ್ಯಾಕೂ ಸೇರಿಸಿದರೆ ಎರಡನ್ನೂ ಕೂಡಿಸಿ ಮೊದಲಿನ ಹಾಡು ಮಾಡಿಕೊಡಬಹುದು ಎಂದು ಹೆಡ್‌ಫೋನ್ ಹೇಳಿದ. ಬೇಡ ಎಂದೆ. ದನಿ ನಿಮ್ಮದು, ನೀವಿಟ್ಟುಕೊಳ್ಳಿ. ಕ್ಲಾರಿನೆಟ್ ನಮ್ಮ ಮನೆಯದು, ಇಲ್ಲಿರಲಿ. ಪೆನ್ ಡ್ರೈವಿಗೆ ಒಂದು ಬಟ್ಟೆಯ ಚೀಲ ಹೊಲಿದಿದ್ದೇನೆ, ಒಳಗೆ ಹತ್ತಿಯಿಟ್ಟು. ಹೊಲಿಗೆಯಲ್ಲಿ ಮಾತ್ರ ಮೋಸವಿಲ್ಲ. ಅವರಿಗೆ ಇದ್ಯಾವುದನ್ನೂ ಇನ್ನೂ ಹೇಳಿಲ್ಲ. ಹೇಳುವುದಾದರೆ ನೀವೇ ಹೇಳಿ, ನಾನು ತಡೆಯುವುದಿಲ್ಲ.

ಕ್ಷಮಿಸಿ ಎಂದು ಬರೆದರೆ ನೀವು ಕ್ಷಮಿಸಿಬಿಡುವವರ ಹಾಗೆ ಕಾಣುತ್ತೀರಿ. ಆಮೇಲೆ ಅದಕ್ಕೂ ನಾನು ಹೊಟ್ಟೆಕಿಚ್ಚು ಪಡಬೇಕು. ಹಾಗಾಗಿ ಬರೆಯುವುದಿಲ್ಲ. ಗಂಟಲು ಜೋಪಾನ. ತಣ್ಣಗಿನದು ಕುಡಿಯಬೇಡಿ.

ಇಂತಿ,
ತಂಗಿ ಎಂದು ಸಹಿ ಹಾಕುವಷ್ಟು ಮುಖವಿಲ್ಲದ,
ಆಲ್ಟರೇಷನ್ ಅಂಗಡಿಯವಳು

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಮೂರು ಸಲ ಎಂದು ಬರೆದೆ. ನಾಲ್ಕು ನುಡಿಯ ಹಾಡಿಗೆ ಮೂರೇ ಹೇಗೆ ಎಂದು ನೀವು ಎಣಿಸಿಯೇ ಎಣಿಸುತ್ತೀರಿ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎನ್ನುತ್ತಾರೆ, ದರ್ಜಿಯ ಜಾತಿಯೂ ಅದೇ. ಮೊದಲ ನುಡಿಯ ಕೊನೆಯಲ್ಲಿ ಬರುವ ‘ಈಗ’ದಲ್ಲಿ ನೀವು ನಗುತ್ತಿದ್ದೀರಿ. ಅದೊಂದನ್ನು ಹೆಡ್‌ಫೋನ್ ಕೈಯಲ್ಲಿ ಕತ್ತರಿಸಿ ತೆಗೆಸಿ ನಾನಿಟ್ಟುಕೊಂಡಿದ್ದೇನೆ. ಒಂದು ವಾರ ಅವನ ಕೋಣೆಯಲ್ಲಿ ಕೂತು ಅದನ್ನು ಕೇಳಿ ಕೇಳಿ ಹಾಗೇ ಹೇಳಲು ಕಲಿತೆ. ನಿನ್ನೆ ಐದು ಗಂಟೆಗೆ ಅವರು ಟೀ ಹಿಡಿದು ಕೂತು ಹಾಡು ಹಾಕಿಕೊಂಡಾಗ, ಆ ಜಾಗದಲ್ಲಿ ಮಿಷನ್ ನಿಲ್ಲಿಸಿ ಮೆಲ್ಲಗೆ ‘ಈಗ’ ಎಂದೆ. ಅವರ ತುಟಿಯ ತುದಿಯಲ್ಲಿ ಅದೇ ನಗು ಬಂತು ಅಕ್ಕ. ಕಣ್ಣು ಮಾತ್ರ ತೆಗೆಯಲಿಲ್ಲ.